ದಾದರಿನ ಪರಿಹಾರರಾಯರು

ದಾದರಿನ ಪ್ರತಿ ಹೌಸಿಂಗ್ ಸೊಸೈಟಿಯಲ್ಲೂ ಮೂವರು ಇದ್ದೇ ಇರುತ್ತಾರೆ. ಮೇಂಟೆನೆನ್ಸ್ ಕೊಡದವರೊಬ್ಬರು, ನೀರಿನ ಟ್ಯಾಂಕಿನ ಕೀಲಿಕೈ ಇಟ್ಟುಕೊಂಡವರೊಬ್ಬರು, ಸದಾ ಯಾರಿಗಾದರೂ ನೋಟೀಸು ಕೊಡುತ್ತಿರುವವರೊಬ್ಬರು. ಈ ಮೂರನೆಯವರೇ ನಮ್ಮ ಪರಿಹಾರರಾಯರು. ಹುಟ್ಟುಹೆಸರು ಬೇರೆ, ಅದು ಈಗ ಕೆಳಗಿನ ಲೆಟರ್‌ಬಾಕ್ಸಿನ ಮೇಲಷ್ಟೇ ಉಳಿದಿದೆ. ಮೂಲ ಧಾರವಾಡ, ವಾಸ ಹಿಂದೂ ಕಾಲನಿ, ಉದ್ಯೋಗ ಮೂವತ್ತು ಚಿಲ್ಲರೆ ವರ್ಷ ಲೆಕ್ಕಪತ್ರ ವಿಭಾಗದಲ್ಲಿ. ನಿವೃತ್ತಿಯಾದ ಮೇಲೆ ಕೆಲವರು ಭಜನೆಗೆ ಹೋದರು, ಕೆಲವರು ಷೇರುಪೇಟೆಗೆ ಹೋದರು, ರಾಯರು ಬಿಲ್ಲಿಗೆ ಹೋದರು.

ನೀವು ನಾನು ಬಿಲ್ಲು ಬಂದರೆ ಕೊನೆಯ ಅಂಕಿ ನೋಡಿ ನಿಟ್ಟುಸಿರು ಬಿಡುತ್ತೇವೆ. ರಾಯರು ಮೊದಲು ಅದನ್ನು ಮಗುಚುತ್ತಾರೆ. ಹಿಂಬದಿಯ ಸಣ್ಣಕ್ಷರದ ನಿಯಮಗಳನ್ನು ಭೂತಗನ್ನಡಿ ಹಿಡಿದು ಓದಿ, ಮುಂಬದಿಗೆ ಬಂದು ತೆರಿಗೆಯನ್ನು ಬಾಯಿಲೆಕ್ಕದಲ್ಲಿ ಕೂಡಿಸಿ, ಹಳೆಯ ಬಿಲ್ಲಿನ ಪಕ್ಕ ಇಟ್ಟು ತಾಳೆ ನೋಡುತ್ತಾರೆ. ಎಲ್ಲವೂ ಸರಿಯಿದ್ದರೆ ಮುಖ ಬಾಡುತ್ತದೆ. "ಈ ತಿಂಗಳೂ ಬರೋಬ್ಬರಿ ಕಳಿಸ್ಯಾರ ನೋಡ್ರಿ, ಹೊಲಸು ಮಂದಿ!" ಎಂದು ಬೈದು ಚಹಾಕ್ಕೆ ಕೂಗುತ್ತಾರೆ.

ಎಟಿಎಂ ಮುಂದೆ ನಿಂತು ಹಣ ಬಾರದಿರಲಿ ಎಂದು ಹಾರೈಸುವ ಮನುಷ್ಯನನ್ನು ನಾನು ಇವರಲ್ಲದೆ ಬೇರೆ ಕಂಡಿಲ್ಲ. ಕಾರಣವಿದೆ. ಖಾತೆಯಿಂದ ಕಡಿತವಾಗಿ ನೋಟು ಹೊರಬರದಿದ್ದರೆ ಬ್ಯಾಂಕು ಐದು ದಿನದೊಳಗೆ ಹಣ ಹಿಂದೆ ಹಾಕಬೇಕು. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಗ್ರಾಹಕನಿಗೆ ಕೊಡಬೇಕು, ಅದೂ ಅವನು ಕೇಳದೆಯೇ. ಇದು 2019ರ ಸೆಪ್ಟೆಂಬರಿನ ರಿಸರ್ವ್ ಬ್ಯಾಂಕಿನ ಆದೇಶ. ಒಮ್ಮೆ ಅವರ ಹಾರೈಕೆ ಫಲಿಸಿತು, ಹಣ ಸಿಕ್ಕಿಬಿತ್ತು. ಆದರೆ ಬ್ಯಾಂಕಿನವರು ನಾಲ್ಕನೆಯ ದಿನವೇ ಜಮಾ ಮಾಡಿಬಿಟ್ಟರು. ರಾಯರು ಅಂದು ರಾತ್ರಿ ಊಟ ಮಾಡಲಿಲ್ಲ.

ಅವರ ಗೋಡೆಯ ಮೇಲೆ ರಾಘವೇಂದ್ರ ಸ್ವಾಮಿಗಳ ಪಟದ ಪಕ್ಕ ಒಂದು ಟೈಪು ಮಾಡಿದ ಹಾಳೆ ತೂಗುತ್ತದೆ. ಅದರಲ್ಲಿರುವುದು ಅವರ ಸ್ಮರಣೀಯರ ಪಟ್ಟಿ. ಮೊದಲನೆಯದು 1986ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿದ್ದ ಡಿಸೆಂಬರ್ 24ರಂದು ಮನೆಯಲ್ಲಿ ಪಾಯಸ. ಎರಡನೆಯದು 1993ರ ನವೆಂಬರಿನಲ್ಲಿ ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪು. ಪರಿಹಾರ ಎಂದರೆ ಕೈಬಿಟ್ಟ ದುಡ್ಡಷ್ಟೇ ಅಲ್ಲ, ಮನಸ್ಸಿಗಾದ ಕಿರುಕುಳಕ್ಕೂ ಬೆಲೆ ಕಟ್ಟಬಹುದು ಎಂದು ಸಾರಿ ಕೋರ್ಟು ಅಂದು ಗ್ರಾಹಕ ಆಯೋಗ ಕೊಡಿಸಿದ್ದ 10,000 ರೂಪಾಯಿಯನ್ನು ಎತ್ತಿಹಿಡಿಯಿತು. ಮೂರನೆಯದು 1999ರಲ್ಲಿ ಮಥುರಾ ಸ್ಟೇಷನ್ನಿನಲ್ಲಿ ಟಿಕೇಟಿಗೆ 20 ರೂಪಾಯಿ ಹೆಚ್ಚು ಕೊಟ್ಟು, ನೂರಕ್ಕೂ ಮಿಕ್ಕಿದ ತಾರೀಖುಗಳಿಗೆ ಅಲೆದು, 2022ರಲ್ಲಿ ಆ ಇಪ್ಪತ್ತಕ್ಕೆ ಬಡ್ಡಿಯನ್ನೂ ಮೇಲೆ 15,000 ರೂಪಾಯಿಯನ್ನೂ ಪಡೆದ ವಕೀಲರು. ಅವರ ಹೆಸರು ಹೇಳುವಾಗ ರಾಯರು ಚಪ್ಪಲಿ ಬಿಡುತ್ತಾರೆ. ನಾಲ್ಕನೆಯವರು ಅಹಮದಾಬಾದಿನ ಗ್ರಾಹಕರು. ತಿಂಗಳಿಗೆ ಸರಾಸರಿ 555 ರೂಪಾಯಿ ಬರುತ್ತಿದ್ದ ಮೊಬೈಲ್ ಬಿಲ್ಲು 2013ರ ಕೊನೆಯಲ್ಲಿ ಏಕಾಏಕಿ 24,609 ರೂಪಾಯಿ 51 ಪೈಸೆ ಆಯಿತು. ಅವರು ಕೇಳಿದ ಪರಿಹಾರ 22,000. ವೊಡಾಫೋನ್ ಕಂಪನಿ, ಈ ಜಗಳ ಗ್ರಾಹಕ ವೇದಿಕೆಯಲ್ಲಿ ನಡೆಯುವಂತೆಯೇ ಇಲ್ಲ ಎಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2022ರ ಫೆಬ್ರುವರಿಯಲ್ಲಿ ಕೋರ್ಟು, ನಡೆಯುತ್ತದೆ ಎಂದಿತು.

"51 ಪೈಸೆ ನೋಡ್ರಿ," ಎನ್ನುತ್ತಾರೆ ರಾಯರು ಕಣ್ಣಲ್ಲಿ ನೀರು ತುಂಬಿ. "ತಪ್ಪು ಮಾಡೂದ್ರಾಗೂ ಎಷ್ಟು ಕರೆಕ್ಟ್ ಇದ್ದಾರ!"

ಹಾಗಂತ ಎಲ್ಲ ಬಿಲ್ಲೂ ಅವರಿಗೆ ರುಚಿಸುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಮೀಟರು ಓದುವವರು ಬಾರದೆ, ತಿಂಗಳುಗಟ್ಟಲೆ ಸರಾಸರಿ ಬಿಲ್ಲು ಬಂದು, ಜೂನಿನ ಹೊತ್ತಿಗೆ ಬಂದ ನಿಜವಾದ ಬಿಲ್ಲು ನೋಡಿ ಮುಂಬೈಗೆ ಮುಂಬೈಯೇ ಬೊಬ್ಬೆ ಹಾಕಿತಲ್ಲ, ಆಗ ಕಟ್ಟಡದವರೆಲ್ಲ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ರಾಯರ ಬಾಗಿಲು ಬಡಿದರು. ರಾಯರು ಉತ್ಸಾಹ ತೋರಲಿಲ್ಲ. ಮಹಾರಾಷ್ಟ್ರದ ವಿದ್ಯುತ್ ನಿಯಂತ್ರಣ ಆಯೋಗದ ನಿಯಮ ಅವರಿಗೆ ಬಾಯಿಪಾಠ. ವಿದ್ಯುತ್ ತಕ್ರಾರಿನ ವೇದಿಕೆ ಬಿಲ್ಲು ತಿದ್ದಿಕೊಡುತ್ತದೆ. ಪರೋಕ್ಷ ನಷ್ಟ, ದಂಡರೂಪದ ಪರಿಹಾರ ಎಂದೆಲ್ಲ ಕೇಳಿದರೆ ಕೊಡುವಂತಿಲ್ಲ. "ಬಿಲ್ಲು ಕಡಿಮಿ ಮಾಡಿಸಿಕೊಳ್ಳೂದು ಯಾರಿಗೂ ಬರತದ್ರಿ. ಟೆನ್ಶನ್ನಿಗೆ ರೊಕ್ಕ ಇಲ್ಲಂದ್ರ ಅಲ್ಲಿ ನಂದೇನು ಕೆಲಸ?" ಎಂದು ಕದ ಮುಂದೆ ಮಾಡಿದರು.

ಇಂಥ ರಾಯರಿಗೆ ಒಂದು ದಿನ, ಹೆಸರು ಬೇಡ, ಒಂದು ಬ್ಯಾಂಕಿನ ಕ್ರೆಡಿಟ್ ಕಾರ್ಡಿನ ಬಿಲ್ಲು ಬಂತು. ಜೀವನಪರ್ಯಂತ ಉಚಿತ ಎಂದು ಕೊಟ್ಟ ಕಾರ್ಡಿಗೆ ವಾರ್ಷಿಕ ಶುಲ್ಕ 500, ತೆರಿಗೆ 90, ಒಟ್ಟು 590 ರೂಪಾಯಿ. ಅಂದು ಅವರ ಮನೆಯಲ್ಲಿ ಡಿಸೆಂಬರ್ 24 ಅಲ್ಲದಿದ್ದರೂ ಪಾಯಸವಾಯಿತು.

ಮೊದಲು ಕಸ್ಟಮರ್ ಕೇರ್. ಒಂದು ಒತ್ತಿ, ನಾಲ್ಕು ಒತ್ತಿ, ಒಂಬತ್ತು ಒತ್ತಿ, ಆಮೇಲೆ ಸಂಗೀತ. ಆ ಸಂಗೀತವನ್ನು ಎಷ್ಟು ಕೇಳಿದ್ದಾರೆಂದರೆ ಈಚೆಗೆ ದೇವರಿಗೆ ಹೂ ಏರಿಸುವಾಗಲೂ ಅದೇ ರಾಗ ಗುನುಗುತ್ತಾರೆ. ಕೊನೆಗೆ ಒಂದು ಉತ್ತರ ಬಂತು: ತಮ್ಮ ಸಂತೃಪ್ತಿಯೇ ನಮ್ಮ ಧ್ಯೇಯ, ತಮ್ಮ ತಕ್ರಾರನ್ನು ಮುಕ್ತಾಯ ಮಾಡಲಾಗಿದೆ. ಮುಂದಿನ ತಿಂಗಳು 590ರ ಮೇಲೆ ತಡಪಾವತಿ ಶುಲ್ಕ, ಅದರ ಮೇಲೆ ಬಡ್ಡಿ, ಬಡ್ಡಿಯ ಮೇಲೆ ತೆರಿಗೆ. "ಬೆಳೀಲಿ, ಬೆಳೀಲಿ," ಎಂದರು ರಾಯರು. ಬಿಲ್ಲನ್ನು ಒಪ್ಪದ ಗ್ರಾಹಕನಿಗೆ ಕಾರ್ಡು ಕೊಟ್ಟವರು 30 ದಿನದೊಳಗೆ ಕಾಗದಪತ್ರದ ಸಮೇತ ವಿವರಣೆ ಕೊಡಬೇಕು ಎಂಬ 2022ರ ನಿಯಮ ಅವರಿಗೆ ಗೊತ್ತು. ಆ ಮೂವತ್ತು ದಿನ ಬ್ಯಾಂಕಿನವರು ಸುಮ್ಮನಿರಲಿ ಎಂದು ಸಿದ್ಧಿವಿನಾಯಕನಿಗೆ ಹೇಳಿಕೊಂಡಿದ್ದರು ಎಂಬ ಗುಮಾನಿ ನನಗಿದೆ.

ಏಕೆಂದರೆ ಆ ಗಡುವಿನ ಆಚೆಗೆ ರಿಸರ್ವ್ ಬ್ಯಾಂಕಿನ ಒಂಬಡ್ಸ್‌ಮನ್ ಇದ್ದಾರೆ. 2021ರ ನವೆಂಬರಿನಲ್ಲಿ ಬಂದ ಏಕೀಕೃತ ಯೋಜನೆಯಂತೆ ಅಲ್ಲಿಗೆ ದೂರು ಕೊಡಲು ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಗ್ರಾಹಕನ ನಷ್ಟಕ್ಕೆ ಆಗ 20 ಲಕ್ಷದವರೆಗೆ. ಅದಲ್ಲದೆ ಅವನ ಸಮಯ, ಖರ್ಚು, ಕಿರುಕುಳ, ಮನೋವ್ಯಥೆಗೆಂದು ಪ್ರತ್ಯೇಕವಾಗಿ 1 ಲಕ್ಷದವರೆಗೆ ಕೊಡಿಸಬಹುದಿತ್ತು. ಲಕ್ಷ ಎಂಬುದು ಮಿತಿ ಎಂದು ನಾನು ಹೇಳಿದೆ. ರಾಯರು ಅದನ್ನು ದರ ಎಂದು ತಿಳಿದಿದ್ದರು.

ಆದರೆ ಲಕ್ಷ ಕೇಳಬೇಕಾದರೆ ಲಕ್ಷದಷ್ಟು ವ್ಯಥೆ ಬೇಕಲ್ಲ! ರಾಯರು ವ್ಯಥೆಗೆ ದಾಖಲೆ ಹುಟ್ಟಿಸಲು ಕೂತರು. ಒಂದು ಇನ್ನೂರು ಪುಟದ ನೋಟುಬುಕ್ಕು. 'ರಾತ್ರಿ 2-10. ಎಚ್ಚರ. ಕಾರಣ: ಬಿಲ್ಲು.' ಮಗ್ಗುಲಲ್ಲಿ ಮಲಗಿದ್ದವರು ಕಣ್ಣು ಬಿಡದೆಯೇ ತಿದ್ದುಪಡಿ ಸೂಚಿಸಿದರು: "ಬಿಲ್ಲಲ್ಲರೀ, ಸಂಜಿಗೆ ಸ್ಟೇಷನ್ ಮುಂದ ತಿಂದ ಬಟಾಟೆವಡೆ." ತಿದ್ದುಪಡಿ ಅಂಗೀಕಾರವಾಗಲಿಲ್ಲ.

ಮುಂದೆ ವೈದ್ಯಕೀಯ ಸರ್ಟಿಫಿಕೇಟು. ದಾದರ್ ಟಿಟಿ ವೃತ್ತದ ಡಾಕ್ಟರು ಬಿಪಿ ನೋಡಿ, 118, 76, ಇಪ್ಪತ್ತೈದರ ಹುಡುಗನ ಹಾಗಿದ್ದೀರಿ ಎಂದು ಬೆನ್ನು ತಟ್ಟಿದರು. ರಾಯರು ಕುಗ್ಗಿ ಹೋದರು. ಮರುದಿನ ಸಂಜೆ ಆರೂವರೆಗೆ ದಾದರ್ ಸ್ಟೇಷನ್ನಿನ ಪುಲು ಹತ್ತಿ, ಕಲ್ಯಾಣದ ಫಾಸ್ಟ್ ಲೋಕಲ್ಲಿಗೆ ಓಡುವ ಜನರ ಎದುರು ದಿಕ್ಕಿನಲ್ಲಿ ಪಶ್ಚಿಮಕ್ಕೆ ಹೋಗಿ, ಹೂವಿನ ಮಾರ್ಕೆಟ್ಟಿನಲ್ಲಿ ಎರಡು ಸುತ್ತು ತಳ್ಳಿಸಿಕೊಂಡು, ಮತ್ತೆ ಪುಲು ಹತ್ತಿ ಇಳಿದು ನೇರ ದವಾಖಾನೆಗೆ ಬಂದರು. ಈ ಸಲ 160. ಡಾಕ್ಟರು ಮರಾಠಿಯಲ್ಲಿ ನಕ್ಕರು: "ಕಾಕಾ, ಈ ಬಿಪಿ ಬ್ಯಾಂಕಿನದಲ್ಲ, ಪುಲಿನದು. ಇದಕ್ಕೆ ಪರಿಹಾರ ಅಂದರೆ ಅರ್ಧ ಮುಂಬೈಗೆ ಕೊಡಬೇಕಾಗುತ್ತದೆ."

ಅರ್ಜಿಯ ದಿನ ಝೆರಾಕ್ಸುಗಳನ್ನೆಲ್ಲ ಹಪ್ಪಳದ ಹಾಗೆ ಮಂಚದ ಮೇಲೆ ಹರವಿ, ಗಾಳಿಗೆ ಹಾರದಿರಲಿ ಎಂದು ಫ್ಯಾನು ಆರಿಸಿ, ಮೇ ತಿಂಗಳ ಸೆಕೆಯಲ್ಲಿ ಬೆವರುತ್ತ ಕುಳಿತರು. ವ್ಯಥೆಯ ಬಾಬತ್ತುಗಳು ಒಂದೊಂದಾಗಿ ಏರಿದವು: ನಿದ್ರಾನಾಶ, ಅಗ್ನಿಮಾಂದ್ಯ, ಸಮಾಜದಲ್ಲಿ ಮಾನಹಾನಿ. ಕೊನೆಗೆ ದಾಂಪತ್ಯ ಸೌಹಾರ್ದಕ್ಕೆ ಭಂಗ ಎಂದು ಬರೆದು, ಸಾಕ್ಷಿಗೆ ಸಹಿ ಹಾಕು ಎಂದು ಕಾಗದವನ್ನು ಹೆಂಡತಿಯ ಮುಂದೆ ಹಿಡಿದರು. ಆಕೆ ಚಷ್ಮಾ ಹಾಕಿಕೊಂಡು ಓದಿ ಹಿಂದೆ ಕೊಟ್ಟರು. "ಇದು ನಲವತ್ತು ವರ್ಷದಿಂದ ಹಿಂಗೇ ಅದರೀ. ಪಾಪ, ಬ್ಯಾಂಕಿನವರಿಗೆ ಯಾಕ ಹಚ್ಚತೀರಿ?"

ಆಕೆಯ ಗ್ರಾಹಕ ಧರ್ಮ ಬೇರೆ. 1975ರಲ್ಲಿ ಹುಟ್ಟಿದ ಮುಂಬೈ ಗ್ರಾಹಕ ಪಂಚಾಯತಿನ ಸದಸ್ಯೆ. ನೆರೆಹೊರೆಯವರು ಗುಂಪು ಕಟ್ಟಿಕೊಂಡು ತಿಂಗಳ ದಿನಸಿಯನ್ನು ಒಟ್ಟಿಗೆ ತರಿಸಿ, ತೂಗಿ ಹಂಚಿಕೊಳ್ಳುವ ಪದ್ಧತಿ ಅದರದು. ಅಲ್ಲಿ ಬಿಲ್ಲೂ ತಾವೇ, ತಕ್ಕಡಿಯೂ ತಾವೇ. ಜಗಳಕ್ಕೆ ಆಸ್ಪದವಿಲ್ಲದ ಈ ವ್ಯವಸ್ಥೆಯ ಮೇಲೆ ರಾಯರಿಗೆ ಅಷ್ಟೇನೂ ಗೌರವವಿಲ್ಲ.

ಅರ್ಜಿ ಹೋದ ಕೆಲವು ದಿನಕ್ಕೆ ಬ್ಯಾಂಕಿನಿಂದ ಫೋನು ಬಂತು. ರಾಯರು ಇಂಗ್ಲಿಷಿನಲ್ಲಿ ಗುಡುಗಲು ಗಂಟಲು ಸರಿಮಾಡಿಕೊಂಡರು. ಆ ಕಡೆಯಿಂದ ಒಂದು ಹುಡುಗಿಯ ದನಿ: "ಕಾಕಾ, ನಮಸ್ಕಾರ್ರೀ. ನಂದು ಹುಬ್ಬಳ್ಳಿ. ನಮ್ಮ ಕಡಿಂದ ತಪ್ಪಾಗ್ಯಾದ್ರಿ. ಸಿಟ್ಟಾಗಬ್ಯಾಡ್ರಿ."

ರಾಯರು ಕುರ್ಚಿ ಎಳೆದು ಕೂತರು. ಹುಬ್ಬಳ್ಳಿ ಯಾವ ಓಣಿ? ದುರ್ಗದ ಬೈಲಿನ ಹತ್ತಿರವೇ? ಅಜ್ಜನ ಹೆಸರೇನು? ಇತ್ತ ಲಕ್ಷ ರೂಪಾಯಿಯ ವ್ಯಥೆ ಕರಗುತ್ತ ಐವತ್ತು ಸಾವಿರಕ್ಕೆ, ಹತ್ತು ಸಾವಿರಕ್ಕೆ ಇಳಿಯಿತು. ಧಾರವಾಡದ ಪೇಢೆಯ ಮಾತು ಬರುವ ಹೊತ್ತಿಗೆ ಎರಡು ಸಾವಿರಕ್ಕೆ ಬಂದು ನಿಂತಿತು. 590 ರದ್ದು, ಬಡ್ಡಿ ರದ್ದು, ಮೇಲೆ ಎರಡು ಸಾವಿರ ಜಮಾ, ರಾಜಿ. ಫೋನು ಇಟ್ಟ ಮೇಲೆ ರಾಯರಿಗೆ ಎಚ್ಚರವಾಯಿತು. "ಬೇಕಂತನ ಹುಬ್ಬಳ್ಳಿಯಾಕಿನ್ನ ಕೂಡಿಸ್ಯಾರ! ಇದು ಅನ್‌ಫೇರ್ ಟ್ರೇಡ್ ಪ್ರಾಕ್ಟೀಸ್!" ಹೊಸ ನೋಟುಬುಕ್ಕು ತೆಗೆದರು.

ಇಷ್ಟಕ್ಕೆ ನಿಲ್ಲಿಸಿದರೆ ರಾಯರನ್ನು ನೋಡಿ ನಕ್ಕು ಮುಗಿಸಬಹುದಿತ್ತು. ಆದರೆ ನಮ್ಮ ಕಟ್ಟಡದಲ್ಲೇ, ನೆಲಮಹಡಿಯಲ್ಲಿ, ಒಬ್ಬ ಆಜಿ ಇದ್ದಾರೆ. ನಿಲ್ಲಿಸಿದ ಇಂಟರ್ನೆಟ್ ಜೋಡಣೆಗೆ ಅವರಿಗೆ ತಿಂಗಳಾನುಗಟ್ಟಲೆ ಬಿಲ್ಲು ಬಂತು. ಆಮೇಲೆ ವಸೂಲಿಯವರ ಫೋನು. ಪೊಲೀಸು, ಕೋರ್ಟು ಎಂಬ ಶಬ್ದ ಕೇಳಿ ಆಜಿ ನಿಜವಾಗಿ ನಿದ್ದೆಗೆಟ್ಟರು, ನೋಟುಬುಕ್ಕಿನಲ್ಲಿ ಬರೆಯಲಿಲ್ಲ. ಬಿಪಿ ನಿಜವಾಗಿ ಏರಿತು, ಪುಲು ಹತ್ತಲಿಲ್ಲ. ಕೊನೆಗೆ 'ಜಾವೂ ದ್ಯಾ', ಹೋಗಲಿ ಬಿಡಿ, ಎಂದು ಪಿಂಚಣಿಯಲ್ಲಿ ನಾಲ್ಕು ಸಾವಿರ ಕಟ್ಟಿ ಕೈ ತೊಳೆದುಕೊಂಡರು.

ಸುದ್ದಿ ತಿಳಿದು ರಾಯರು ಇಳಿದು ಹೋಗಿ ಕೇಳಿದ ಮೊದಲ ಪ್ರಶ್ನೆ: "ಆಜಿ, ಪೋಚ್‌ಪಾವತಿ ಎಲ್ಲಿ?" ದೂರು ತಲುಪಿದ್ದಕ್ಕೆ ಕೊಡುವ ಆ ಸ್ವೀಕೃತಿ ಚೀಟಿ ಇರಲಿಲ್ಲ. ತಕ್ರಾರು ನಂಬರು? ಕೇಳಿರಲಿಲ್ಲ. ಫೋನು ಬಂದ ತಾರೀಖು? ಬರೆದಿಟ್ಟಿರಲಿಲ್ಲ. ಇದ್ದದ್ದು ದುಡ್ಡು ಕಟ್ಟಿದ ರಸೀದಿ ಮತ್ತು ಈಗಲೂ ಫೋನು ಬಾರಿಸಿದರೆ ಬೆಚ್ಚುವ ಜೀವ. ರಾಯರು ರಸೀದಿ ಜೇಬಿಗಿಟ್ಟುಕೊಂಡರು. ಎರಡು ವರ್ಷದ ಅವಧಿ ಮೀರಿಲ್ಲ. 2019ರ ಹೊಸ ಕಾಯ್ದೆಯಲ್ಲಿ ಗ್ರಾಹಕ ತಾನಿರುವ ಊರಿನಲ್ಲೇ ದೂರು ಕೊಡಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಜಿಲ್ಲಾ ಗ್ರಾಹಕ ಆಯೋಗ ಪರೇಲಿನಲ್ಲಿ, ದಾದರಿನಿಂದ ಒಂದೇ ಸ್ಟೇಷನ್ನು. ಅರ್ಜಿ ಬರೆದೂ ಕೊಟ್ಟರು. ಆದರೆ ಮನೋವ್ಯಥೆಯ ಕಾಲಮ್ಮಿಗೆ ಬಂದಾಗ, ಲಕ್ಷಕ್ಕೆ ಕಡಿಮೆ ಮಾತನ್ನೇ ಆಡದ ಮನುಷ್ಯ, ಐದು ಸಾವಿರ ಎಂದು ಬರೆದರು. "ಭಾಳ ಕೇಳಿದ್ರ ಪುರಾವೆ ಕೇಳತಾರ," ಎಂದರು.

ಸರಿಯಾಗಿಯೇ ಹೇಳಿದರು. ಎಲ್ಲರಿಗೂ ಒಂದೇ ದರದ ಪರಿಹಾರ ಸಲ್ಲದು, ಆಯಾ ಪ್ರಕರಣದಲ್ಲಿ ಆದ ಹಾನಿಯನ್ನು ನೋಡಿಯೇ ಕೊಡಬೇಕು ಎಂದು ಸುಪ್ರೀಂ ಕೋರ್ಟು 2004ರಲ್ಲೇ ಘಾಜಿಯಾಬಾದ್ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ. ನ್ಯಾಯವಾದ ಮಾತು. ಅದರ ಇನ್ನೊಂದು ಮುಖವೇನೆಂದರೆ, ಕಾಣಿಸದ ಹಾನಿಗೆ ಕಾಸಿಲ್ಲ. ತಪ್ಪು ಬಿಲ್ಲಿನಿಂದ ಪರಮಾನಂದ ಪಡುವವರ ಬಳಿ ವ್ಯಥೆಯ ಫೈಲು ದಪ್ಪಗಿರುತ್ತದೆ. ನಿಜಕ್ಕೂ ವ್ಯಥೆಪಟ್ಟವರಿಗೆ ಫೈಲು ಮಾಡುವ ತ್ರಾಣ ಉಳಿದಿರುವುದಿಲ್ಲ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಅವರ ಲೆಕ್ಕ ಕೂಡುವುದು ರಾಯರಿಗೆ ಕೊಡುವ ಎರಡು ಸಾವಿರದಿಂದಲ್ಲ, 'ಹೋಗಲಿ ಬಿಡು' ಎನ್ನುವವರು ಕಟ್ಟುವ ನಾಲ್ಕು ನಾಲ್ಕು ಸಾವಿರದಿಂದ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಬಿಲ್ಲು ತಪ್ಪಾಗಿ ಬಂದರೆ ಅದೇ ದಿನ ಬರೆದು ಕೊಡಿ, ತಕ್ರಾರು ನಂಬರು ಕೇಳಿ ತೆಗೆದುಕೊಳ್ಳಿ, ಪೋಚ್‌ಪಾವತಿಯ ಮೇಲೆ ಠಸೆ ಹಾಕಿಸಿ, ದಾರಿ ತಿಳಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಇಷ್ಟಾದ ಮೇಲೆ ಬೇಕಾದರೆ ನಿದ್ದೆಗೆಡಿ. ಅದಕ್ಕೂ ಮುಂಚೆ ಕೆಟ್ಟ ನಿದ್ದೆಗೆ ಪರಿಹಾರ ಸಿಗುವುದಿಲ್ಲ.