ಜೀಪಿನಲ್ಲಿ ಮಾತ್ರ ಕರೆಂಟು ಉಂಟು

ಸುಳ್ಯ, ಕಡಬದ ಕಡೆ ಮಳೆಗಾಲದಲ್ಲಿ ಮನೆಗೆ ಬಂದ ನೆಂಟರು ಮೊದಲು ಕೇಳುವುದು ಬಾಯಾರಿಕೆಗೆ ಅಲ್ಲ, “ಚಾರ್ಜಿಗೆ ಇಡ್ಲಿಕ್ಕೆ ಎಲ್ಲಿ ಉಂಟು?” ಎಂದು. ಎಲ್ಲಿಯೋ ಒಂದು ಹಲಸಿನ ಮರ ಲೈನಿನ ಮೇಲೆ ಒರಗಿ, ಇನ್ವರ್ಟರೂ ಕುಂಯ್‌ಗುಟ್ಟಿ ಕಣ್ಣುಮುಚ್ಚಿದ ಮೇಲೆ ಕರೆಂಟು ಉಳಿಯುವ ಜಾಗ ಒಂದೇ, ಅಂಗಳದ ಬದಿಯ ಜೀಪು. ಹಾಗಾಗಿ ಜೀಪಿಗೆ ಯುಎಸ್‌ಬಿ ಹಾಕಿಸುವುದು ನಮ್ಮಲ್ಲಿ ಶೋಕಿಯಲ್ಲ, ಮಾಡಿನ ಹಂಚು ಸರಿಮಾಡಿಸಿದಷ್ಟೇ ಅಗತ್ಯದ ಕೆಲಸ.

ಹಳೇ ಮಹೀಂದ್ರ ಜೀಪಿನ ಡ್ಯಾಶ್‌ಬೋರ್ಡು ತಗಡಿನದು. ಈಗಿನ ಕಾರಿಗೆ ಡ್ರಿಲ್ಲು ತಾಗಿಸಿದರೆ ವಾರಂಟಿ ಹೋದೀತೆಂಬ ಹೆದರಿಕೆ. ಜೀಪಿನಲ್ಲಿ ಹೋಗಲಿಕ್ಕೆ ಏನೂ ಉಳಿದಿಲ್ಲ. ಪುತ್ತೂರಿನ ಎಲೆಕ್ಟ್ರೀಷಿಯನ್ ತಲೆಯನ್ನು ಡ್ಯಾಶ್‌ಬೋರ್ಡಿನ ಅಡಿಗೆ ತೂರಿಸಿ, ಕಾಲೆರಡನ್ನೂ ಮಳೆಗೆ ಬಿಟ್ಟ. ಕೈಯಲ್ಲಿ ಬಲ್ಬಿಗೆ ಎರಡು ವಯರು ಕಟ್ಟಿದ ಟೆಸ್ಟ್ ಲ್ಯಾಂಪ್. ವಯರಿನ ಸಿಪ್ಪೆ ಸುಲಿಯಲು ಸ್ವಂತ ಹಲ್ಲು. ಒಳಗಿನಿಂದ ಇಲಿ ಕಟ್ಟಿದ ಅಡಿಕೆನಾರಿನ ಗೂಡು ಹೊರಬಂತು. ಹಿಂದೆಯೇ ಅವನ ದನಿ: “ಎಂತ ಮಾರಾಯ್ರೆ, ಇದು ಯಾರು ಮಾಡಿದ ವಯರಿಂಗು?” ಹೋದ ಸಲ ಅವನೇ ಮಾಡಿದ್ದು. ನಾನು ಹೇಳಲಿಲ್ಲ, ನಮ್ಮ ವಯರು ಹಲ್ಲಿನಲ್ಲಿ ಕಚ್ಚಿಕೊಂಡವರ ಜೊತೆ ವಾದ ಒಳ್ಳೆಯದಲ್ಲ.

ಯುಎಸ್‌ಬಿಯ ಹೊಟ್ಟೆಯಲ್ಲಿ ಬ್ಯಾಟರಿಯ 12 ವೋಲ್ಟನ್ನು 5ಕ್ಕೆ ಇಳಿಸುವ ಸಣ್ಣ ಸರ್ಕ್ಯೂಟ್ ಉಂಟು. ತೀರಾ ಅಗ್ಗದ್ದಾದರೆ ಮಂಗಳೂರು ಆಕಾಶವಾಣಿ ಬರುವಲ್ಲಿ ಬರೀ ಕರಕರ. ಬ್ಯಾಟರಿಯ ಹತ್ತಿರ ಒಂದು ಫ್ಯೂಸು ಕೂರಿಸಿದರೆ ವಯರು ಎಲ್ಲಾದರೂ ತಗಡಿಗೆ ಉಜ್ಜಿದರೂ ಜೀಪು ಸುಡುವುದಿಲ್ಲ. ಇಷ್ಟರವರೆಗೆ ತಕರಾರಿಲ್ಲ. ತಕರಾರು ಬಂದದ್ದು ಕೀ ಹಾಕಿದರೆ ಮಾತ್ರ ಕರೆಂಟು ಬರಬೇಕೋ, ಯಾವಾಗಲೂ ಇರಬೇಕೋ ಎಂಬಲ್ಲಿ. “ಡೈರೆಕ್ಟ್ ಕೊಟ್ರೆ ಬ್ಯಾಟರಿ ಇಳೀತದೆ ಅಣ್ಣಾ” ಎಂದ ಅವನು. ಇಳಿದರೆ ಇಳಿಯಲಿ. ನಮ್ಮ ಊರಲ್ಲಿ ಇಳಿಜಾರಿಲ್ಲದ ಅಂಗಳ ಯಾರಿಗುಂಟು? ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟರೆ ಆಯಿತು. ಹಳೇ ಡೀಸೆಲ್ ಎಂಜಿನು ಒಮ್ಮೆ ಹಿಡಿದರೆ ಮತ್ತೆ ಬ್ಯಾಟರಿಯ ಹಂಗಿಲ್ಲ. ಅದನ್ನು ನಿಲ್ಲಿಸುವುದೂ ಕೀಯಲ್ಲ, ಎಳೆಯುವ ಒಂದು ನಾಬು.

ನಿಜ ಹೇಳಬೇಕೆಂದರೆ ಫೋನು ಬ್ಯಾಟರಿಯ ವೈರಿಯೇ ಅಲ್ಲ. ಬಿಸ್ಲೆ ಘಾಟಿಯ ಮಂಜಿಗೆಂದು ಭಾವ ಹಾಕಿಸಿದ 55 ವಾಟಿನ ಎರಡು ಫಾಗ್ ಲೈಟು ಒಂದು ಗಂಟೆ ತಿನ್ನುವುದರಲ್ಲಿ ಐದು ಫೋನು ತುಂಬುತ್ತವೆ. ಆದರೆ ಭಾವನಿಗೆ ಸ್ವಿಚ್ಚೆಂದರೆ ಪ್ರಾಣ. ಫಾಗ್ ಲೈಟಿಗೊಂದು, ಹಾರನ್ನಿಗೊಂದು, ಆಂಪ್ಲಿಫೈಯರಿಗೊಂದು, ಕಾಲಬುಡದ ನೀಲಿ ಲೈಟಿಗೊಂದು. ನಮ್ಮ ಕಾಲಬುಡದಲ್ಲಿ ನೋಡುವಂಥದ್ದು ಕೆಸರು ಬಿಟ್ಟು ಬೇರೇನಿಲ್ಲ. ಸಾಲಿನ ಕೊನೆಗೆ ಇನ್ನೊಂದು ಸ್ವಿಚ್ಚುಂಟು, ಅದು ಯಾವುದಕ್ಕೆಂದು ಭಾವನಿಗೂ ಗೊತ್ತಿಲ್ಲ. ತೆಗೆದುಬಿಡು ಎಂದರೆ ಎಲೆಕ್ಟ್ರೀಷಿಯನ್ ಒಪ್ಪಲಿಲ್ಲ: “ಇರ್ಲಿ ಅಣ್ಣಾ, ಯಾವುದಕ್ಕೋ ಹೋಗಿದೆ ಅದು.”

ಈಗ ಸಂಜೆಯಾದರೆ ಅತ್ತೆ ಕೊಡೆ ಹಿಡಿದು ಬಂದು ಜೀಪಿನ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಬೆಂಗಳೂರಿನ ಮಗನ ಮುಖ ನೋಡಬೇಕು. ಮೊನ್ನೆ ಫೋನು ನೂರಕ್ಕೆ ನೂರು ತುಂಬಿತ್ತು, ರೇಂಜು ಮಾತ್ರ ಒಂದು ಗೆರೆಯೂ ಇಲ್ಲ. ಕರೆಂಟು ಹೋಗಿ ಟವರೂ ಮಲಗಿತ್ತು. ವಿಷಯ ಬಿಡಿಸಿ ಹೇಳಿದೆ. ಅತ್ತೆ ಸ್ವಲ್ಪ ಯೋಚಿಸಿ ಎಂದರು: “ಆ ಕೊನೇ ಸ್ವಿಚ್ಚು ಖಾಲಿ ಉಂಟಲ್ಲ, ಅಲ್ಲಿಂದ ಟವರಿಗೊಂದು ವಯರು ಎಳೀಲಿಕ್ಕೆ ಆಗ್ತದಾ ಅಂತ ಆ ಹುಡುಗನ ಹತ್ರ ಕೇಳಿ ನೋಡು.”