ರೋಲರ್ ಲಿಫ್ಟರ್ ಗೃಹಸ್ಥ

ರೋಲರ್ ಲಿಫ್ಟರ್ ಗೃಹಸ್ಥನು ಅಮೆರಿಕದ ಒಹಾಯೊ, ಇಂಡಿಯಾನಾ, ಮಿಷಿಗನ್ ಕಡೆ ಹೇರಳವಾಗಿ ಕಂಡುಬರುವ, ಸಾಮಾನ್ಯವಾಗಿ ಐವತ್ತು ದಾಟಿದ ಪುರುಷ. ಎರಡು ಕಾರು ಹಿಡಿಯುವ ಗ್ಯಾರೇಜು ಇವನ ವಾಸಸ್ಥಾನ. ಅದರಲ್ಲಿ ಓಡುವ ಕಾರು ಒಂದೂ ಇರುವುದಿಲ್ಲ. ಓಡುವ ಕಾರು ಹೆಂಡತಿಯದು, ಅದು ಹೊರಗೆ ಹಿಮದಲ್ಲಿ ನಿಂತಿರುತ್ತದೆ. ಒಳಗೆ, ಹೀಟರಿನ ಪಕ್ಕ ಬೆಚ್ಚಗೆ, 1970ರ ಆಚೀಚಿನ ಒಂದು ಷೆವ್ರೊಲೆ ಕಮಾರೊ ಅಥವಾ ನೋವಾ ಬಾನೆಟ್ ಕಳಚಿಕೊಂಡು ಮಲಗಿರುತ್ತದೆ. ವೃತ್ತಿಯಲ್ಲಿ ಇವನು ಎಲೆಕ್ಟ್ರಿಷಿಯನ್ನೋ ವಿಮಾ ಏಜೆಂಟನೋ ಆಗಿರಬಹುದು, ಆದರೆ ಯಾರಾದರೂ ಕೇಳಿದರೆ ‘ರೇಸರ್’ ಎಂದೇ ಹೇಳಿಕೊಳ್ಳುತ್ತಾನೆ. ಸುಳ್ಳೇನಲ್ಲ. ಕಾಲು ಮೈಲಿಯ ಒಂದು ಓಟಕ್ಕೆ ಹನ್ನೆರಡು ಸೆಕೆಂಡಿನಂತೆ ಕೂಡಿಸಿದರೆ ಅವನು ವರ್ಷವಿಡೀ ರೇಸ್ ಓಡಿಸುವುದು ಹತ್ತು ನಿಮಿಷ ಮೀರಲಾರದು, ಮಿಕ್ಕದ್ದೆಲ್ಲ ತಯಾರಿ.

ತಯಾರಿಯ ವಸ್ತು ಷೆವ್ರೊಲೆಯ ಸ್ಮಾಲ್ ಬ್ಲಾಕ್ ವಿ-8 ಎಂಜಿನ್. ಎಡ್ ಕೋಲ್ ಮುಂದಾಳತ್ವದಲ್ಲಿ ರೂಪುಗೊಂಡ ಇದು 1955ರ ಮಾದರಿಯ ಕಾರುಗಳಲ್ಲಿ 265 ಘನ ಅಂಗುಲದ್ದಾಗಿ ಬಂತು, 1967ರ ಮಾದರಿಯ ಕಮಾರೊ ಹೊತ್ತಿಗೆ 350ಕ್ಕೆ ಬೆಳೆಯಿತು. ಇದರ ಕ್ಯಾಮ್‌ಶಾಫ್ಟ್ ಇರುವುದು ಮೇಲೆ ಹೆಡ್ಡಿನಲ್ಲಲ್ಲ, ಎಂಜಿನ್ನಿನ ಹೊಟ್ಟೆಯೊಳಗೆ. ಕ್ಯಾಮಿನ ಉಬ್ಬು ಲಿಫ್ಟರನ್ನು ಎತ್ತುತ್ತದೆ, ಲಿಫ್ಟರು ಪುಶ್‌ರಾಡನ್ನು, ಪುಶ್‌ರಾಡು ರಾಕರನ್ನು, ರಾಕರು ವಾಲ್ವನ್ನು. ನಮ್ಮ ಹಳೆಯ ಅಂಬಾಸಿಡರ್ ಮತ್ತು ಹಳೆಯ ಬುಲೆಟ್ಟಿನ ಎಂಜಿನ್ನುಗಳೂ ಇದೇ ಜಾತಿಯವು. ‘ಟ್ಯಾಪೆಟ್ ಸೌಂಡ್ ಬರ್ತಿದೆ’ ಎಂದು ಮೆಕ್ಯಾನಿಕ್ ತಲೆಯಾಡಿಸುವಾಗ ದೂಷಿಸುವುದು ಈ ಸರಪಳಿಯನ್ನೇ. ಎಂಟು ಸಿಲಿಂಡರಿಗೆ ಹದಿನಾರು ವಾಲ್ವು, ಹಾಗಾಗಿ ಹದಿನಾರು ಲಿಫ್ಟರು. ಗೃಹಸ್ಥನಿಗೆ ಮಕ್ಕಳು ಹುಟ್ಟಿದ ದಿನಾಂಕಗಳು ಅಷ್ಟಿಷ್ಟು ಮರೆತಿರಬಹುದು, ಷೆವ್ರೊಲೆ ಲಿಫ್ಟರಿನ ವ್ಯಾಸ 0.842 ಅಂಗುಲ ಎಂಬುದು ಮರೆಯುವುದಿಲ್ಲ.

ಹಳೆಯ ಎಂಜಿನ್ನಿನ ಲಿಫ್ಟರಿನ ತಳ ನೋಡುವುದಕ್ಕೆ ಚಪ್ಪಟೆ. ವಾಸ್ತವವಾಗಿ ಅದು ಕೂದಲೆಳೆಯಷ್ಟು ಉಬ್ಬಿರುತ್ತದೆ, ಕ್ಯಾಮಿನ ಉಬ್ಬೂ ಒಂದು ಪಕ್ಕಕ್ಕೆ ಅಷ್ಟೇ ಇಳಿಜಾರಾಗಿರುತ್ತದೆ. ಇದರಿಂದ ಲಿಫ್ಟರು ಮೇಲೆ ಕೆಳಗೆ ಹೋಗುತ್ತಲೇ ತನ್ನ ಸುತ್ತ ತಾನೂ ತಿರುಗಿ ಸವೆತವನ್ನು ಹಂಚಿಕೊಳ್ಳುತ್ತದೆ. ತಿರುಗುವುದು ನಿಂತರೆ ಕೆಲವೇ ನಿಮಿಷಗಳಲ್ಲಿ ಉಬ್ಬು ಉಜ್ಜಿಹೋಗಿ ಲೋಹದ ಪುಡಿ ಎಂಜಿನ್ನಿಗೆಲ್ಲ ಹರಡುತ್ತದೆ. ಹಾಗಾಗದಂತೆ ಕಾಯುತ್ತಿದ್ದದ್ದು ಎಂಜಿನ್ ಆಯಿಲಿನೊಳಗಿನ ಸತು ಮತ್ತು ರಂಜಕದ ಒಂದು ಸಂಯುಕ್ತ. ರಂಜಕವು ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆಂದು ಹೊಸ ಆಯಿಲುಗಳಲ್ಲಿ ಅದರ ಪ್ರಮಾಣ ಇಳಿಸಲಾಯಿತು. ಈ ವಿಷಯ ಬಂದಾಗ ಗೃಹಸ್ಥನು ಈಗಿನ ತುಪ್ಪಕ್ಕೆ ಘಮವೇ ಇಲ್ಲವೆನ್ನುವ ಅಜ್ಜಿಯಂತೆ ಮಾತಾಡುತ್ತಾನೆ. ಮದುವೆಮನೆಯಲ್ಲೂ ಮಾತಾಡುತ್ತಾನೆ, ಶವಸಂಸ್ಕಾರದಲ್ಲೂ ಮಾತಾಡುತ್ತಾನೆ. ಅವನ ಹಿಂದಿನ ಕ್ಯಾಮ್ ಸತ್ತದ್ದು ಆಯಿಲಿನಿಂದಲೋ, ಹೊಸ ಕ್ಯಾಮಿನ ಮೇಲೆ ಮೊದಲ ದಿನವೇ ಗಡುಸು ಸ್ಪ್ರಿಂಗ್ ಹಾಕಿ ಅದನ್ನು ಪಳಗಿಸದೆ ಓಡಿಸಿದ್ದರಿಂದಲೋ ಎಂಬ ಪ್ರಶ್ನೆಯನ್ನು ಅವನೆದುರು ಎತ್ತುವ ಪದ್ಧತಿಯಿಲ್ಲ.

ರೋಲರ್ ಲಿಫ್ಟರಿನ ತುದಿಯಲ್ಲಿ ಪುಟ್ಟ ಚಕ್ರವೊಂದಿರುತ್ತದೆ. ಉಜ್ಜುವ ಬದಲು ಉರುಳುವುದರಿಂದ ಘರ್ಷಣೆ ಕಡಿಮೆ. ಅದಕ್ಕಿಂತ ದೊಡ್ಡ ಲಾಭ ಬೇರೆ. ಚಪ್ಪಟೆ ಲಿಫ್ಟರನ್ನು ಇಂತಿಷ್ಟೇ ವೇಗದಲ್ಲಿ ಎತ್ತಬಹುದೆಂಬ ಮಿತಿಯನ್ನು ಅದರ ವ್ಯಾಸವೇ ಹಾಕಿಬಿಡುತ್ತದೆ. ಉಬ್ಬು ಅದಕ್ಕಿಂತ ಕಡಿದಾದರೆ ಲಿಫ್ಟರಿನ ಅಂಚಿಗೆ ಗೀರುತ್ತದೆ. ಚಕ್ರಕ್ಕೆ ಆ ಕಟ್ಟಿಲ್ಲ. ವಾಲ್ವು ಬೇಗ ತೆರೆದು, ಹೆಚ್ಚು ಹೊತ್ತು ಪೂರ್ತಿ ತೆರೆದೇ ಇದ್ದು, ಬೇಗ ಮುಚ್ಚಬಹುದು. ರೇಸಿನವರಿಗೆ ಇದು ಹೊಸ ಸುದ್ದಿಯಲ್ಲ. ಕ್ಯಾಲಿಫೋರ್ನಿಯಾದ ಚೆಟ್ ಹರ್ಬರ್ಟ್ 1950ರ ದಶಕದ ಆರಂಭದಲ್ಲೇ ನೇರ ದಾರಿಯಲ್ಲಿ ಇಬ್ಬಿಬ್ಬರು ಓಡಿಸುವ ಡ್ರ್ಯಾಗ್ ರೇಸಿಗೆ ರೋಲರ್ ಕ್ಯಾಮ್ ತಂದಿದ್ದ. ಷೆವ್ರೊಲೆಯ ಕಾರ್ಖಾನೆಗೆ ಅದು ಸ್ಮಾಲ್ ಬ್ಲಾಕಿಗೂ ಬೇಕು ಅನ್ನಿಸಿದ್ದು 1987ರಲ್ಲಿ. ಗೃಹಸ್ಥನ ಬ್ಲಾಕು ಅದಕ್ಕೂ ಹಿಂದಿನದು. ಸಮಸ್ಯೆಯೂ ಸಂತೋಷವೂ ಅಲ್ಲಿಂದಲೇ ಶುರು.

ಶುರುವಿನಲ್ಲಿ ಅವನು ಮನೆಯಲ್ಲಿ ಹೇಳುವುದು ಒಂದೇ ವಾಕ್ಯ: ‘ಬರೀ ಲಿಫ್ಟರ್ ಬದಲಾಯಿಸ್ತೀನಿ, ಅಷ್ಟೆ.’ ಹೆಂಡತಿ ಬೆಲೆ ಕೇಳುತ್ತಾಳೆ. ಅವನು ಲಿಫ್ಟರಿನ ಬೆಲೆಯನ್ನಷ್ಟೇ, ಪ್ರಾಮಾಣಿಕವಾಗಿ, ಹೇಳುತ್ತಾನೆ.

ಆದರೆ ಚಕ್ರದ ಲಿಫ್ಟರು ಹಳೆಯ ಕ್ಯಾಮಿನ ಮೇಲೆ ಕೂರುವುದಿಲ್ಲ, ಹೊಸ ಕ್ಯಾಮ್ ಬೇಕು. ಚಕ್ರವು ಉಬ್ಬಿಗೆ ನೇರವಾಗಿಯೇ ಇರಬೇಕು, ತಿರುಗಕೂಡದು. 1987ರ ನಂತರದ ಬ್ಲಾಕುಗಳಲ್ಲಿ ಲಿಫ್ಟರುಗಳನ್ನು ತಿರುಗದಂತೆ ಹಿಡಿಯುವ ತಗಡಿಗೆ ಜಾಗ ಎರಕದಲ್ಲೇ ಬಂದಿದೆ, ಹಳೆಯದರಲ್ಲಿ ಇಲ್ಲ. ಆದ್ದರಿಂದ ಎರಡೆರಡು ಲಿಫ್ಟರುಗಳನ್ನು ಅಡ್ಡಪಟ್ಟಿಯಿಂದ ಜೋಡಿಸಿದ ದುಬಾರಿ ಸೆಟ್ಟೇ ಬೇಕು. ಇನ್ನು ಹಳೆಯ ಕ್ಯಾಮಿನ ಉಬ್ಬುಗಳ ಇಳಿಜಾರು ಲಿಫ್ಟರನ್ನು ತಿರುಗಿಸುವುದರ ಜೊತೆಗೆ ಸದ್ದಿಲ್ಲದೆ ಇನ್ನೊಂದು ಕೆಲಸ ಮಾಡುತ್ತಿತ್ತು: ಕ್ಯಾಮನ್ನು ಹಿಂದಕ್ಕೆ, ಬ್ಲಾಕಿನ ಕಡೆಗೆ ಒತ್ತಿ ಹಿಡಿಯುತ್ತಿತ್ತು. ರೋಲರ್ ಕ್ಯಾಮಿಗೆ ಇಳಿಜಾರಿಲ್ಲ. ಅದು ಮುಂದಕ್ಕೆ ಅಡ್ಡಾಡಲು ಹೊರಡುತ್ತದೆ. ಡಿಸ್ಟ್ರಿಬ್ಯೂಟರಿನ ಗಿಯರಿನ ಹಲ್ಲುಗಳು ಓರೆಯಾದ್ದರಿಂದ ಕ್ಯಾಮ್ ಹಿಂದೆ ಮುಂದೆ ಆದಷ್ಟೂ ಕಿಡಿ ಹೊತ್ತುವ ಸಮಯ ಏರುಪೇರಾಗುತ್ತದೆ. ಇದಕ್ಕೆ ಮದ್ದು ಕ್ಯಾಮಿನ ಮೂತಿಗೂ ಟೈಮಿಂಗ್ ಕವರಿಗೂ ನಡುವೆ ಒಂದು ಗುಂಡಿ. ಬೆಲೆಯಲ್ಲಿ ಲೆಕ್ಕಕ್ಕಿಲ್ಲದ ಪುಟ್ಟ ವಸ್ತು. ಆದರೆ ಕಾರ್ಖಾನೆಯ ಟೈಮಿಂಗ್ ಕವರ್ ತೆಳು ತಗಡು. ಗುಂಡಿ ಒತ್ತಿದರೆ ಅದು ಬಾಗುತ್ತದೆ. ಗಟ್ಟಿ ಅಲ್ಯೂಮಿನಿಯಂ ಕವರ್ ಬೇಕು. ಆಮೇಲೆ ಶಿಮ್ ಎಂಬ ತೆಳು ಬಿಲ್ಲೆ ಹಾಕಿ, ತೆಗೆದು, ಮತ್ತೆ ಹಾಕಿ, ಕ್ಯಾಮಿನ ಹಿಂದುಮುಂದಿನ ಸಡಿಲವನ್ನು 0.005ರಿಂದ 0.010 ಅಂಗುಲದೊಳಗೆ ತರಬೇಕು. ಈ ಕೆಲಸಕ್ಕೆ ಒಂದು ಶನಿವಾರ ಹೋಗುತ್ತದೆ, ಗೃಹಸ್ಥನ ಜೀವನದ ಅತ್ಯಂತ ಸುಖದ ಶನಿವಾರಗಳಲ್ಲಿ ಅದೊಂದು.

ಹೊಸ ಕ್ಯಾಮ್ ಉಕ್ಕಿನದಾದರೆ ಡಿಸ್ಟ್ರಿಬ್ಯೂಟರಿನ ಹಳೆಯ ಎರಕದ ಗಿಯರು ಅದಕ್ಕೆ ಒಗ್ಗುವುದಿಲ್ಲ, ಬೇಗ ತಿಂದುಹೋಗುತ್ತದೆ. ಆಯಿಲ್ ಪಂಪು ತಿರುಗುವುದೂ ಅದೇ ದಾರಿಯಿಂದಲೇ ಆದ್ದರಿಂದ ಈ ಗಿಯರು ಹೋದರೆ ಎಂಜಿನ್ನೂ ಹೋಯಿತು. ಕಂಚಿನ ಗಿಯರು ಹಾಕುತ್ತಾರೆ. ಅದೂ ಸವೆಯುತ್ತದೆ, ಕ್ಯಾಮಿನ ಬದಲು ತಾನು ಸವೆಯಲೆಂದೇ ಅದನ್ನು ಹಾಕುವುದು. ರೋಲರ್ ಲಿಫ್ಟರು ಎತ್ತರ ಜಾಸ್ತಿ, ಹಾಗಾಗಿ ಸುಮಾರು 7.8 ಅಂಗುಲದ ಹಳೆಯ ಪುಶ್‌ರಾಡು ಅರ್ಧ ಅಂಗುಲದ ಆಸುಪಾಸು ಗಿಡ್ಡದಾಗಬೇಕು. ಎಷ್ಟೆಂದು ಅಳೆಯದೆ ಕೊಳ್ಳುವಂತಿಲ್ಲ, ಅಳೆಯಲು ಇನ್ನೊಂದು ಸಾಧನ. ಲಿಫ್ಟರು ತೂಕವೂ ಜಾಸ್ತಿ, ಅದನ್ನು ಕ್ಯಾಮಿಗೆ ಅಂಟಿಸಿಡಲು ಬಲವಾದ ಸ್ಪ್ರಿಂಗ್ ಬೇಕು. ಡ್ರ್ಯಾಗ್ ರೇಸಿನ, ಸಡಿಲವನ್ನು ಕೈಯಿಂದಲೇ ಹೊಂದಿಸಬೇಕಾದ ಸಾಲಿಡ್ ರೋಲರಾದರೆ ವಾಲ್ವು ಮುಚ್ಚಿರುವಾಗಲೇ 200 ಪೌಂಡು ದಾಟಿದ ಒತ್ತಡ, ತೆರೆದಾಗ 500 ದಾಟಿದ್ದು. ಹಳೆಯ ಹೆಡ್ಡಿನಲ್ಲಿ ರಾಕರ್ ಹಿಡಿಯುವ ಸ್ಟಡ್ಡುಗಳು ಗುದ್ದಿ ಕೂರಿಸಿದವು, ಇಷ್ಟು ಒತ್ತಡಕ್ಕೆ ಅವು ಮೇಲೆದ್ದು ಬರುತ್ತವೆ. ತಿರುಪಿನ ಸ್ಟಡ್ ಹಾಕಿಸಲು ಹೆಡ್ಡು ಲೇತಿನವನ ಅಂಗಡಿಗೆ ಹೋಗಬೇಕು. ಈ ಹಂತದಲ್ಲಿ ಗೃಹಸ್ಥನ ಬಾಯಿಂದ ಅವನ ಜಾತಿಯ ಮಹಾವಾಕ್ಯ ಹೊರಡುತ್ತದೆ: ‘ಹೇಗೂ ಬಿಚ್ಚಿದ್ದಾಗಿದೆ.’ ಹೇಗೂ ಬಿಚ್ಚಿದ್ದಾಗಿದೆಯೆಂದು ಅಲ್ಯೂಮಿನಿಯಂ ಹೆಡ್ಡು ಬರುತ್ತದೆ. ಹೆಡ್ಡಿಗೆ ತಕ್ಕ ಮ್ಯಾನಿಫೋಲ್ಡು, ಅದಕ್ಕೆ ತಕ್ಕ ಕಾರ್ಬ್ಯುರೇಟರು. ಪಾರ್ಸೆಲ್ಲುಗಳು ಹೆಂಡತಿ ಕೆಲಸಕ್ಕೆ ಹೋದ ಹೊತ್ತಿನಲ್ಲೇ ಬರುವಂತೆ ನೋಡಿಕೊಳ್ಳುವ ವ್ಯವಸ್ಥಾಪನಾ ಕೌಶಲವನ್ನು ಅವನ ಆಫೀಸಿನವರು ಕಂಡಿಲ್ಲ.

ಗ್ಯಾರೇಜಿಗೆ ಬಂದುಹೋಗುವ ಗೆಳೆಯರಲ್ಲಿ ಒಬ್ಬನಾದರೂ ಸತ್ಯ ನುಡಿಯುವವನಿರುತ್ತಾನೆ. ಗುಜರಿಯಲ್ಲಿ ಬಿದ್ದಿರುವ ಪಿಕಪ್ ಲಾರಿಯ 5.3 ಲೀಟರ್ ಎಂಜಿನ್ ತಂದು ಕೂರಿಸಿದರೆ ರೋಲರ್ ಲಿಫ್ಟರು ಕಾರ್ಖಾನೆಯಿಂದಲೇ ಬಂದಿರುತ್ತದೆ, ಶಕ್ತಿಯೂ ಕಡಿಮೆಯಿಲ್ಲ, ಖರ್ಚೂ ಉಳಿಯುತ್ತದೆ ಎನ್ನುತ್ತಾನೆ. ಪ್ರತಿಯೊಂದು ಮಾತೂ ನಿಜ. ಅವನಿಗೆ ಆ ಮನೆಯಲ್ಲಿ ಎರಡನೆಯ ಬಿಯರ್ ಸಿಗುವುದಿಲ್ಲ.

ಜೋಡಣೆಯ ವಾರಗಳನ್ನು ವಿವರಿಸಬೇಕಾದ್ದಿಲ್ಲ. ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳಾಟದ ಜೇಡಿಮಣ್ಣು ಮೆತ್ತಿ, ಎಂಜಿನ್ನನ್ನು ಕೈಯಿಂದ ತಿರುಗಿಸಿ, ವಾಲ್ವು ಒತ್ತಿದ ಗುರುತಿನ ದಪ್ಪ ಅಳೆಯುವುದು ಇದರಲ್ಲಿ ನೋಡತಕ್ಕ ಭಾಗ. ಗಂಭೀರ ಮುಖದ ಮನುಷ್ಯನೊಬ್ಬ ಮೊಮ್ಮಗಳ ಆಟಿಕೆಯನ್ನು ಅನುಮತಿಯಿಲ್ಲದೆ ಬಳಸುವುದನ್ನು ಆಗ ಕಾಣಬಹುದು. ಚಪ್ಪಟೆ ಲಿಫ್ಟರಿನ ಹೊಸ ಕ್ಯಾಮನ್ನು ಮೊದಲ ಇಪ್ಪತ್ತು ಮೂವತ್ತು ನಿಮಿಷ 2,000 ಆರ್‌ಪಿಎಂಗೆ ಕಡಿಮೆಯಾಗದಂತೆ ಓಡಿಸಿ ಪಳಗಿಸಬೇಕಿತ್ತು. ರೋಲರಿಗೆ ಅದು ಬೇಕಿಲ್ಲ. ಆದರೂ ಓಡಿಸುತ್ತಾನೆ, ಅಕ್ಕಪಕ್ಕದವರಿಗೆ ವಿಷಯ ತಿಳಿಯಬೇಕಲ್ಲ.

ಇಷ್ಟೆಲ್ಲ ಆದ ಮೇಲೆ ರೇಸು. ಇಲ್ಲಿ ಓದುಗರಿಗೆ ಒಂದು ವಿಚಿತ್ರವನ್ನು ತಿಳಿಸಬೇಕು. ವಾಲಿ ಪಾರ್ಕ್ಸ್ 1951ರಲ್ಲಿ ಹುಟ್ಟುಹಾಕಿದ ಎನ್‌ಎಚ್‌ಆರ್‌ಎ ಎಂಬ ಡ್ರ್ಯಾಗ್ ರೇಸ್ ಸಂಸ್ಥೆಯ ದೊಡ್ಡ ತರಗತಿಗಳಲ್ಲಿ ಮೊದಲು ಗೆರೆ ದಾಟಿದವನೇ ಗೆದ್ದವನು. ಆದರೆ ಊರೂರಿನ ಟ್ರ್ಯಾಕುಗಳಲ್ಲಿ ಗೃಹಸ್ಥರು ಓಡಿಸುವುದು ಬ್ರ್ಯಾಕೆಟ್ ರೇಸ್. ಅಲ್ಲಿ ವೇಗ ಗೆಲ್ಲಿಸುವುದಿಲ್ಲ. ಕಾಲು ಮೈಲಿಯನ್ನು ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಓಡುತ್ತದೆಂದು ಪ್ರತಿಯೊಬ್ಬನೂ ಮೊದಲೇ ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರಬೇಕು. ಒಬ್ಬ 12.40 ಎಂದೂ ಇನ್ನೊಬ್ಬಳು 14.90 ಎಂದೂ ಬರೆದರೆ ನಿಧಾನದ ಕಾರಿಗೆ ಎರಡೂವರೆ ಸೆಕೆಂಡು ಮೊದಲೇ ಹಸಿರು ದೀಪ ಬೀಳುತ್ತದೆ. ದೀಪಕ್ಕೆ ಸರಿಯಾಗಿ ಹೊರಟು, ಬರೆದ ಸಮಯಕ್ಕೆ ಹತ್ತಿರ ಓಡಿದವರು ಗೆಲ್ಲುತ್ತಾರೆ. ಬರೆದದ್ದಕ್ಕಿಂತ ಬೇಗ ಓಡಿದರೆ, ಎದುರಾಳಿಯೂ ತಪ್ಪು ಮಾಡದ ಹೊರತು, ಸೋಲು. ಅಂದರೆ ನಿಯಮಾವಳಿಯ ಪ್ರಕಾರ ಈ ಆಟದಲ್ಲಿ ರೋಲರ್ ಲಿಫ್ಟರಿನಿಂದ ಗೆಲುವಿಗೆ ನೇರ ಲಾಭವೇನಿಲ್ಲ. ದಿನಸಿ ತರುವ ಸ್ಟೇಷನ್ ವ್ಯಾಗನ್ನು ಪ್ರತಿ ಸಲವೂ ಒಂದೇ ಸಮಯಕ್ಕೆ ಓಡುವುದಾದರೆ ಅದೇ ಉತ್ತಮ ರೇಸ್ ಕಾರು.

ಗೃಹಸ್ಥನಿಗೆ ಇದು ಗೊತ್ತಿದೆ. ಕೇಳಿದವರಿಗೆಲ್ಲ ತಾಳ್ಮೆಯಿಂದ ವಿವರಿಸುವವನೂ ಅವನೇ. ಸಂಜೆ ಗಾಳಿ ತಂಪಾಗುತ್ತದೆ, ತಂಪು ಗಾಳಿ ದಟ್ಟವಾಗಿರುತ್ತದೆ, ಹೊಸ ಕ್ಯಾಮಿಗೆ ಅದು ಹಿಡಿಸುತ್ತದೆ, 12.40 ಬರೆದ ಕಾರು 12.31 ಓಡುತ್ತದೆ. ಪಕ್ಕದ ಸಾಲಿನಲ್ಲಿ ವ್ಯಾಗನ್ ತಂದಿದ್ದ ನಿವೃತ್ತ ಶಿಕ್ಷಕಿ 14.92 ಓಡಿ ಮುಂದಿನ ಸುತ್ತಿಗೆ ಹೋಗುತ್ತಾರೆ. ಸೋತವನಿಗೆ ಟೈಮ್ ಸ್ಲಿಪ್ ಎಂಬ ಕಾಗದದ ಚೀಟಿ ಸಿಗುತ್ತದೆ. ಬೇರೆ ಕ್ರೀಡೆಗಳಲ್ಲಿ ಸೋಲಿನ ದಾಖಲೆಯನ್ನು ಜನ ಮರೆಯಲೆತ್ನಿಸುತ್ತಾರೆ. ಇವನು ಅದನ್ನು ಪರ್ಸಿನಲ್ಲಿ, ಮಕ್ಕಳ ಫೋಟೊದ ಮುಂದೆ ಇಟ್ಟುಕೊಂಡು ಸೋಮವಾರ ಆಫೀಸಿನಲ್ಲಿ ತೋರಿಸುತ್ತಾನೆ. ‘ಸೋತೆ, ಆದ್ರೆ ನೋಡು’ ಎನ್ನುತ್ತಾನೆ.

ಆಮೇಲಿನದು ನಿರ್ವಹಣೆ. ಸಾಲಿಡ್ ರೋಲರಿನ ಚಕ್ರ ನಿಂತಿರುವುದು ಸೂಜಿಯಂಥ ಬೇರಿಂಗುಗಳ ಮೇಲೆ. ರಾಕರಿನ ಸಡಿಲ ಹೆಚ್ಚಾದರೆ ಪ್ರತಿ ಸುತ್ತಿಗೂ ಚಕ್ರ ಕ್ಯಾಮಿಗೆ ಗುದ್ದಿ ಬೇರಿಂಗ್ ಒಡೆಯುತ್ತದೆ, ಸೂಜಿಗಳು ಆಯಿಲಿನೊಳಗೆ ಯಾತ್ರೆ ಹೊರಡುತ್ತವೆ. ಅದಕ್ಕೆಂದು ಅವನು ಆಗಾಗ ವಾಲ್ವ್ ಕವರ್ ತೆಗೆದು ಸಡಿಲ ಅಳೆಯುತ್ತಾನೆ. ಅಳೆಯುವ ಅಗತ್ಯವಿಲ್ಲದಾಗ ಇನ್ನೂ ಹೆಚ್ಚು ಅಳೆಯುತ್ತಾನೆ. ಕಳಚಿದ ಹಳೆಯ ಲಿಫ್ಟರುಗಳನ್ನು ಮೊಟ್ಟೆಯ ಟ್ರೇಯಲ್ಲಿ ನಂಬರು ಹಾಕಿ ಇಟ್ಟಿರುತ್ತಾನೆ, ಯಾಕೆಂದರೆ ಒಮ್ಮೆ ಓಡಿದ ಚಪ್ಪಟೆ ಲಿಫ್ಟರು ತನ್ನದೇ ಉಬ್ಬಿಗಷ್ಟೇ ಹೊಂದುತ್ತದೆ. ಹಳೆಯ ಸಾಮಾನಿನ ಸಂತೆಯಲ್ಲಿ ಕ್ಯಾಮಿನ ಸಮೇತ ಅವು ಮಾರಾಟಕ್ಕೆ ಬರುತ್ತವೆ. ‘ಹೆಚ್ಚು ಓಡಿಲ್ಲ’ ಎಂಬ ಮಾತನ್ನು ಕೊಳ್ಳುವವನು ನಂಬುವುದಿಲ್ಲ, ಆದರೂ ಕೊಳ್ಳುತ್ತಾನೆ.

ಉಪಜಾತಿಗಳು ಎರಡು. ಫೋರ್ಡಿನವನ ಮಸ್ಟಾಂಗಿನ 5.0 ಎಂಜಿನ್ನಿಗೆ 1985ರಿಂದಲೇ ರೋಲರ್ ಲಿಫ್ಟರು ಕಾರ್ಖಾನೆಯಿಂದ ಬಂದದ್ದರಿಂದ ಅವನಿಗೆ ಈ ಯಾವ ಉಸಾಬರಿಯೂ ಇಲ್ಲ. ಚಳಿಗಾಲದಲ್ಲಿ ಅವನು ಬೇಸರದಿಂದ ಬೇರೆಯವರ ಗ್ಯಾರೇಜಿಗೆ ಬಂದು ಕೂರುತ್ತಾನೆ. ಕ್ರೈಸ್ಲರಿನವನ ಲಿಫ್ಟರಿನ ವ್ಯಾಸ 0.904 ಅಂಗುಲ. ತಳ ಅಗಲವಾದಷ್ಟೂ ಚಪ್ಪಟೆ ಲಿಫ್ಟರನ್ನು ಬೇಗ ಎತ್ತಬಹುದಾದ್ದರಿಂದ ತನಗೆ ರೋಲರಿನ ಹಂಗೇ ಇಲ್ಲವೆಂದು ಅವನು ವಾದಿಸುತ್ತಾನೆ. ಲೆಕ್ಕದಲ್ಲಿ ತಪ್ಪಿಲ್ಲ. ಉಬ್ಬೊಂದು ಉಜ್ಜಿಹೋದ ವಾರ ಮಾತ್ರ ಅವನು ಷೆವ್ರೊಲೆ ಗೃಹಸ್ಥನಿಗೆ ಫೋನು ಮಾಡಿ, ಹವಾಮಾನದ ಬಗ್ಗೆ ಒಂದಿಷ್ಟು ಮಾತಾಡಿ, ಅಡ್ಡಪಟ್ಟಿಯ ಲಿಫ್ಟರಿನ ಸೆಟ್ಟು ಎಲ್ಲಿ ಸಿಗುತ್ತದೆಂದು ಕೇಳುತ್ತಾನೆ.