ರಾಯರು ಸಾಫ್ಟ್‌ವೇರ್ ನೋಡುತ್ತಿದ್ದಾರೆ

ನಮ್ಮ ಬಡಾವಣೆಯ ರಾಯರು ಪಿಸಿಬಿ, ಅಂದರೆ ಸರ್ಕ್ಯೂಟು ಬೋರ್ಡು, ಮಾಡುತ್ತಾರೆ ಎಂದರೆ ಸುಳ್ಳಾಗುತ್ತದೆ. ಪಿಸಿಬಿ ಮಾಡಲು ಸಾಫ್ಟ್‌ವೇರ್ ಆರಿಸುತ್ತಾರೆ. ಆಗಬೇಕಾಗಿರುವುದು ಟ್ಯಾಂಕು ತುಂಬಿದೊಡನೆ ಮೋಟಾರು ನಿಲ್ಲಿಸುವ ಒಂದು ಬೋರ್ಡು: ಒಂದು 555 ಐಸಿ, ಒಂದು ಟ್ರಾನ್ಸಿಸ್ಟರು, ಒಂದು ರಿಲೇ, ಒಂದು ಹಿಡಿ ರೆಸಿಸ್ಟರು. ಎಸ್‌.ಪಿ. ರೋಡಿನಿಂದ ತಂದ ಸಾಮಾನು ಡಬ್ಬಿಯಲ್ಲಿದೆ, ಡಬ್ಬಿಯ ಮೇಲೆ ಧೂಳಿದೆ.

ಇದೇ ರಾಯರು ಹಿಂದೆ ಕಾರ್ಖಾನೆಯಲ್ಲಿ ಮೈಲಾರ್ ಹಾಳೆಗೆ ಕಪ್ಪು ಟೇಪು ಅಂಟಿಸಿ, ನಿಜದ ಎರಡರಷ್ಟು ಅಳತೆಯಲ್ಲಿ ಸರ್ಕ್ಯೂಟು ಹಾಸಿ, ಫೋಟೋ ಹಿಡಿದು ಕಿರಿದುಮಾಡಿಸಿದವರು. ಆಗ ಆರಿಸುವುದಕ್ಕೆ ಇದ್ದದ್ದು ಟೇಪಿನ ಅಗಲವೊಂದೇ. ಬೋರ್ಡುಗಳೂ ತಯಾರಾಗುತ್ತಿದ್ದವು.

ಈಗ ಒಂದೊಂದು ಸಾಫ್ಟ್‌ವೇರಿನ ಜಾತಕವೂ ಅವರ ಬಾಯಲ್ಲಿದೆ. ಆಲ್ಟಿಯಮ್ ಹೆಸರೆತ್ತಿದರೆ, ಅದು 1985ರಲ್ಲಿ ಟಾಸ್ಮೇನಿಯಾದಲ್ಲಿ ಪ್ರೋಟೆಲ್ ಎಂಬ ಹೆಸರಿನಲ್ಲಿ ಹುಟ್ಟಿದ್ದು, 2024ರಲ್ಲಿ ಜಪಾನಿನ ರೆನೆಸಾಸ್ ಮನೆ ಸೇರಿದ್ದು ಎಲ್ಲ ಬರುತ್ತದೆ. ಚಂದಾ ಎಷ್ಟೆಂದು ಕೇಳಿದರೆ ಮಾತ್ರ ರಾಯರು ಕನ್ನಡಕ ಒರೆಸಿಕೊಳ್ಳುತ್ತಾರೆ. ಈಗಲ್‌ನ ಪುಕ್ಕಟೆ ಆವೃತ್ತಿ ಎರಡು ಪದರ, 80 ಚದರ ಸೆಂಟಿಮೀಟರಿಗೆ ಒಪ್ಪುತ್ತಿತ್ತು. ರಾಯರ ಬೋರ್ಡು ಸಾಬೂನು ಡಬ್ಬಿಯಲ್ಲಿ ಹಿಡಿಸುವಂಥದ್ದು. ಆದರೂ “ನಾಳೆ ದೊಡ್ಡದು ಬೇಕಾದರೆ?” ಎಂದು ವರ್ಷಗಟ್ಟಲೆ ತಡೆದರು. 2016ರಲ್ಲಿ ಆಟೋಡೆಸ್ಕ್ ಅದನ್ನು ಕೊಂಡಿತು, ಆಮೇಲೆ 2026ರ ಜೂನ್ 7ಕ್ಕೆ ಮುಗಿಸುವುದಾಗಿ ಸಾರಿಯೂ ಬಿಟ್ಟಿತು. ಆ ಸುದ್ದಿ ಬಂದ ದಿನ ರಾಯರು ಬೀದಿಗೆಲ್ಲ ಕೇಳುವಂತೆ “ನಾನು ಹೇಳಿರಲಿಲ್ವಾ!” ಎಂದರು. ಏನೂ ಮಾಡದೆ ಇದ್ದದ್ದಕ್ಕೆ ಇಷ್ಟು ದೊಡ್ಡ ಜಯ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಸಿಇಡಿಎ ಬ್ರೌಸರಿನಲ್ಲೇ ನಡೆಯುತ್ತದೆ, ಅಲ್ಲಿಂದಲೇ ಬೋರ್ಡಿಗೆ ಆರ್ಡರೂ ಕೊಡಬಹುದು. ರಾಯರಿಗೆ ಅದೇ ಅನುಮಾನ: “ನಮ್ಮ ಟ್ಯಾಂಕಿನ ಗುಟ್ಟು ಚೀನಾದವರಿಗೆ ಯಾಕೆ?”

ಉಳಿದದ್ದು ಕೀಕ್ಯಾಡ್. 1992ರಲ್ಲಿ ಫ್ರಾನ್ಸಿನ ಝಾನ್-ಪಿಯರ್ ಷಾರಾ ಆರಂಭಿಸಿದ್ದು, ಮುಂದೆ ಸರ್ನ್ ಪ್ರಯೋಗಾಲಯದವರೇ ಕೈಜೋಡಿಸಿದ್ದು, ದುಡ್ಡೂ ಕೇಳದು. 32 ತಾಮ್ರದ ಪದರ ಹಾಕಬಹುದೆಂದು ಓದಿ, ಒಂದೇ ಪದರದ ಬೋರ್ಡಿನ ಒಡೆಯರಾದ ರಾಯರು ಸಮಾಧಾನದ ಉಸಿರು ಬಿಟ್ಟರು. ಇಳಿಸಿಯೂ ಕೊಂಡರು. ಆದರೆ ಹೊಸ ಆವೃತ್ತಿಯಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ ಎಂದು ಯಾರೋ ಅಂದರು. ರಾಯರ ಬಳಿ ಹಳೆಯದೂ ಇಲ್ಲ, ಫೈಲೂ ಇಲ್ಲ. ಆದರೂ ಮುಂದಿನ ಆವೃತ್ತಿ ಬರಲಿ ಎಂದು ಕುಳಿತರು.

ರಾಯರ ಹೆಂಡತಿಗೆ ಸಾಕಾಗಿತ್ತು. “ರೀ, ಮೋಟಾರು ಆಫ್ ಮಾಡ್ರೀ!” ಎಂದು ಎಷ್ಟು ವರ್ಷ ಕೂಗಿಯಾರು? ಎದುರು ಮನೆಯ ಇಂಜಿನಿಯರಿಂಗ್ ಹುಡುಗಿಯನ್ನು ಕರೆದು, “ನೀನಾದರೂ ಮಾಡಿಕೊಡೇ ಪುಟ್ಟಿ” ಎಂದರು. ಅವಳು ಕಾಫಿ ಕುಡಿಯುತ್ತ ಕೂತು ಕೀಕ್ಯಾಡಿನಲ್ಲಿ ಬಿಡಿಸಿಬಿಟ್ಟಳು.

ರಾಯರು ಕುರ್ಚಿ ಎಳೆದುಕೊಂಡರು. “ಬೋರ್ಡು ಮಾಡೋರಿಗೆ ಕಳಿಸೋ ಮುಂಚೆ ಗರ್ಬರ್ ಫೈಲನ್ನ ಯಾವ ವ್ಯೂವರ್‌ನಲ್ಲಿ ನೋಡಿದೆಯಮ್ಮಾ?”

“ಇದರ ಜೊತೇಲೇ ಒಂದು ಬರುತ್ತಲ್ಲ ಅಂಕಲ್, ಅದರಲ್ಲೇ.”

“ಪರೀಕ್ಷೆ ಬರೆದವನೇ ಪೇಪರ್ ತಿದ್ದೋದಾ? ಬೇರೆ ಕಡೇದು ಬೇಕು. ಒಂದು ವಾರ ತಡಿ, ನಾಲ್ಕೈದು ಇಳಿಸಿ ನೋಡ್ತೀನಿ.”